ಬದಲಿಗೆ ಬಂದವಳ ಪ್ರಸಂಗ

ಬೀದರಿನಿಂದ ಮೊದಲ ಬಸ್ಸಿಗೆ ಬಂದೆ.
ಭಾಲ್ಕಿಯ ನಿಲ್ದಾಣದಲ್ಲಿ ಕಾದಿದ್ದ ಜೀವರತ್ನಪ್ಪ
ನನ್ನ ಚೀಲ ಇಸಕೊಳ್ಳಲಿಲ್ಲ.
ಮುಂಚೆ ಎಲ್ಲ ಪಾಲಕರ ಚೀಲ ಹೊತ್ತವನಂತೆ;
ಈಗ ಎರಡೂ ಕೈ ಹಿಂದೆ ಕಟ್ಟಿಕೊಂಡು
"ದಾರಿ ಹಿಂಗದ ನೋಡ್ರಿ" ಎಂದು ಮುಂದೆ ನಡೆದ.

ಅರ್ಧ ಜನವರಿ ಮುಗಿದಿದೆ. ಚರ್ಚಿನೊಳಗೆ
ಕ್ರಿಸ್ಮಸ್ಸಿನ ಕಾಗದದ ನಕ್ಷತ್ರ ಇನ್ನೂ ತೂಗುತ್ತಿವೆ.
ಇಳಿಸುವ ಏಣಿ ಪಾಲಕರ ಮನೆಯಲ್ಲಿದೆ,
ಆ ಮನೆಗೆ ಬೀಗ,
ಬೀಗದ ಕೈ ಯಾರ ಹತ್ತಿರ ಇರಬೇಕೆಂದು
ಕಮಿಟಿಯಲ್ಲಿ ಎರಡು ಸಲ ಜಗಳವಾಗಿದೆ.

ಗೋಡೆಯ ಹಲಗೆಯಲ್ಲಿ ಪಾಲಕರ ಹೆಸರು, ಇಸವಿ.
ಕಡೆಯದರ ಮೇಲೆ ಯಾರೋ ಸುಣ್ಣ ಬಳಿದಿದ್ದಾರೆ.
ತೆಳು ಸುಣ್ಣ. ಓದಲು ಬರುತ್ತದೆ.

ರಾತ್ರಿಯೆಲ್ಲ ಬರೆದದ್ದು ಆರು ಹಾಳೆ.
ಮೊದಲನೆಯದರಲ್ಲಿ ಬಿದರಿ ಹೂಜಿ:
ಕೋಟೆಯ ಮಣ್ಣಿನ ನೀರಲ್ಲಿ ಕುದ್ದು ಕಪ್ಪಾದ ಮೇಲೆಯೇ
ಬೆಳ್ಳಿಯ ಎಳೆ ಹೊಳೆಯುವುದು, ಹಾಗೆಯೇ ನಾವೂ...
ಬಸ್ಸಿನಲ್ಲೇ ಕಾಟು ಹಾಕಿದೆ.
ಇಪ್ಪತ್ತೆರಡರ ಹುಡುಗಿಗೆ ಹೋಗಿ
ನೀನು ಕುದ್ದೆ, ಸಭೆ ಹೊಳೆಯಿತು ಎನ್ನಲೆ?
ಎರಡನೆಯ ಹಾಳೆ ಕ್ಷಮೆ.
ಅದನ್ನು ಮಾತ್ರ ಬಸ್ಸಿಳಿಯುವವರೆಗೂ ಇಟ್ಟುಕೊಂಡಿದ್ದೆ.

ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ಎಂದಿನಂತೆ ಜಮಖಾನೆ.
ಆದರೆ ಗೆರೆ ಈಗ ಅಡ್ಡ ಬಿದ್ದಿದೆ:
ಆಕೆಯನ್ನು ನಂಬಿದವರು ಬಾಗಿಲ ಹತ್ತಿರ,
ನಂಬದವರು ಮುಂದೆ, ಹಾರ್ಮೋನಿಯಂ ಪಕ್ಕ.
ಒಂದೇ ಹಂಚಿನ ರೊಟ್ಟಿ ಉಂಡು ಬಂದ ಅಕ್ಕತಂಗಿಯರ ನಡುವೆ
ಹನ್ನೆರಡು ಸಾಲು.

ಹಾರ್ಮೋನಿಯಂ ಮೇಲೆ ಬಟ್ಟೆ. ಬಾರಿಸುವವಳು ಬಂದಿಲ್ಲ.
ಆಕೆಯ ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.
ಊರೆಲ್ಲ ತಿರುಗಿದ ಹೆಸರು,
ಸ್ವಲ್ಪ ದಿನ ಮನೆಯಲ್ಲಿರಲಿ.

ಪ್ರಸಂಗಪೀಠಕ್ಕೆ ಹತ್ತಿ ಕೈ ಊರಿದೆ.
ಅಂಚಿನ ಮರ ಅಲ್ಲಿ ಮಾತ್ರ ನುಣುಪು,
ಹನ್ನೊಂದು ವರ್ಷ ಒಂದೇ ಅಂಗೈ ಸವೆಸಿದ ನುಣುಪು.
ನನ್ನದೂ ಸರಿಯಾಗಿ ಅಲ್ಲೇ ಕೂತಿತು.
ಇಳಿದುಬಿಟ್ಟೆ.

ಇಳಿದದ್ದು ಕಂಡು ತಿಪ್ಪಣ್ಣ ಸ್ಯಾಮ್ಸನ್ ಎದ್ದ:
"ಅಮ್ಮೋರೆ, ನನ್ನ ಮಗನ ತಲಿಮ್ಯಾಲ ನೀರು ಹಾಕಿದ್ದು ಅದೇ ಕೈ.
ಆ ದೀಕ್ಷಾಸ್ನಾನ ನಡೀತದೋ, ಮತ್ತೊಮ್ಮೆ ಮಾಡಸಬೇಕೋ?"
"ನೀರು ಬಾವಿದು. ಬಾವಿ ಅವನು ತೋಡಿದ್ದಲ್ಲ" ಎಂದೆ.
ಗೊತ್ತಿದ್ದ ಉತ್ತರ ಅದೊಂದೇ.
ಆತ ಕೂತ. ತಲೆ ಆಡಿಸಲಿಲ್ಲ.

ಆಮೇಲೆ ಹೇಳಿದ್ದು ಇಷ್ಟು:
ಸಭೆ ಗುಣವಾಗಲಿ ಅಂತ ನನ್ನ ಕಳಿಸಿದ್ದಾರೆ.
ಗಾಯವಾದವಳು ಹೊರಗಿದ್ದಾಳೆ, ಮುಲಾಮು ಒಳಗೆ ಹಚ್ಚುತ್ತಿದ್ದೇವೆ.
ಕ್ಷಮಿಸುವುದು ಬಿಡುವುದು ಆಕೆಗೆ ಸೇರಿದ್ದು,
ನಾನು ಅದರ ದಲಾಲಿಗೆ ಬಂದಿಲ್ಲ.
ಯಾರ್ಯಾರು ಏನೇನು ಕೇಳಿಯೂ ಕೇಳದಂತಿದ್ದೆವೋ
ಅದನ್ನು ನೆನೆಯುತ್ತ ಸ್ವಲ್ಪ ಹೊತ್ತು ಕೂರೋಣ.

ಹೊರಗೆ ತೊಗರಿ ಹೇರಿದ ಟ್ರ್ಯಾಕ್ಟರ್ ಹೋಯಿತು.
ಇನ್ನೊಂದು ಹೋಯಿತು.

ಎಸ್ತೇರಮ್ಮ ಎದ್ದಳು. ಎದ್ದಳೆನ್ನಬಾರದು,
ಸೊಸೆಯ ಹೆಗಲು ಹಿಡಿದು ನೆಲ ಬಿಟ್ಟಳು.
"ಮೊದಲ ನನಗ ಹೇಳಿದ್ದಳ್ರಿ. ಗಿರಣಿ ಮುಂದ.
ಹಿಟ್ಟಿನ ಡಬ್ಬಿ ಇತ್ತು ಆಕಿ ಕೈಯಾಗ.
ಬಾಯಿ ಮುಚ್ಚು, ದೇವರ ಮನುಷ್ಯಾ ಅವ, ಅಂದೆ.
ಆಮ್ಯಾಲ ಆ ಡಬ್ಬಿ ನಾನೇ ಹೊತ್ತು
ಆಕಿ ಮನಿತನಕ ಒಯ್ದು ಇಟ್ಟೆ.
ಅಷ್ಟರೆ ಮಾಡೀನಲ್ಲ ಅಂತ
ಈತನಕ ನಿದ್ದಿ ಮಾಡೀನ್ರಿ."

ಯಾರೂ ಸ್ತೋತ್ರ ಎನ್ನಲಿಲ್ಲ.
ಮುಂದಿನ ಸಾಲಿನಿಂದ ಒಬ್ಬ ಎದ್ದು ಹೊರಟ;
ಕತ್ತಲೆಯಲ್ಲೆಂಬಂತೆ ಬಿಸಿಲಲ್ಲಿ
ಚಪ್ಪಲಿ ಹುಡುಕುವ ಅವನ ಸದ್ದು ಬಹಳ ಹೊತ್ತು ಕೇಳಿತು.

ಕೊನೆಗೆ ಆಶೀರ್ವಾದ. ಕೈ ಎತ್ತಿದೆ.
ಎತ್ತಿದ ಕೈಯನ್ನು ಮಕ್ಕಳು ನೋಡಿದ ರೀತಿಗೆ
ಇಳಿಸಿಕೊಂಡು, ಬಾಯಲ್ಲಷ್ಟೇ ಹೇಳಿದೆ.

ಜೀವರತ್ನಪ್ಪ ನಿಲ್ದಾಣದ ತನಕ ಬಂದ.
ಚೀಲ ಕೇಳಲಿಲ್ಲ, ನಾನೂ ಕೊಡಲಿಲ್ಲ.
ದಾರಿಯಲ್ಲಿ ಕಂಡದ್ದು:
ಎಸ್ತೇರಮ್ಮ ಸೊಸೆಯನ್ನು ಬಿಟ್ಟು, ಗೋಡೆ ಹಿಡಿದು
ಗಿರಣಿಯ ಓಣಿಗೆ ತಿರುಗುತ್ತಿದ್ದಳು.
"ಆಕಿ ಮನಿ ಆ ಕಡಿ ಇಲ್ಲ" ಎಂದ ಆತ.
ಬಾಗಿಲು ತೆರೆಯಿತೋ ಇಲ್ಲವೋ,
ಬಸ್ಸು ಬಂತು.